ಹೆದ್ದಾರಿ ತಡೆ ನಾಗರಿಕರ ಹಕ್ಕೇ?

ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ತಡೆಯುವುದು ಹಕ್ಕೇ, ನಿಷೇಧಾಜ್ಞೆ ಬಂದರೆ ಆ ಹಕ್ಕು ಇಲ್ಲವಾಗುತ್ತದೆಯೇ ಎಂದು ಕೇಳಿದ್ದೀರಿ.

ಸಂವಿಧಾನದ 19(1)(ಬಿ) ವಿಧಿ ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. 19(1)(ಡಿ) ವಿಧಿ ದೇಶದೆಲ್ಲೆಡೆ ಮುಕ್ತವಾಗಿ ಸಂಚರಿಸುವ ಹಕ್ಕನ್ನೂ ಕೊಟ್ಟಿರುವುದರಿಂದ, ಧರಣಿ ಕೂತ ರೈತನಂತೆಯೇ ಮದ್ದೂರಿನ ಬಳಿ ಆಂಬುಲೆನ್ಸ್‌ನಲ್ಲಿ ಸಿಲುಕಿದ ರೋಗಿಯೂ ಹಕ್ಕುದಾರನೇ. ಹೀಗಾಗಿ ವಿಶ್ವೇಶ್ವರಯ್ಯನವರ ಪ್ರತಿಮೆಯೆದುರು ಧರಣಿ ಕೂರುವುದು ಹಕ್ಕಿನೊಳಗೆ ಬರುತ್ತದೆ, ಹೆದ್ದಾರಿಯನ್ನು ದಿನಗಟ್ಟಲೆ ಮುಚ್ಚುವುದು ಬರುವುದಿಲ್ಲ. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟಾವಧಿಗೆ ಆಕ್ರಮಿಸುವಂತಿಲ್ಲವೆಂದು ದೆಹಲಿಯ ಶಾಹೀನ್ ಬಾಗ್ ರಸ್ತೆ ಧರಣಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಮಿತಿ ಸರ್ಕಾರಕ್ಕೂ ಇದೆ. ಚರ್ಚೆಯಲ್ಲಿ ಈ ಮಾತು ಬರುವುದು ಕಡಿಮೆ. 19(3)ನೇ ವಿಧಿ ಒಪ್ಪುವುದು ಸಾರ್ವಜನಿಕ ಸುವ್ಯವಸ್ಥೆ ಅಥವಾ ದೇಶದ ಸಾರ್ವಭೌಮತೆ, ಅಖಂಡತೆಗಾಗಿ ಕಾನೂನಿನ ಮೂಲಕ ವಿಧಿಸುವ ಸಮಂಜಸ ನಿರ್ಬಂಧವನ್ನು ಮಾತ್ರ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 144ನೇ ಸೆಕ್ಷನ್‌ಗೆ ಬದಲಾಗಿ 2024ರ ಜುಲೈ 1ರಿಂದ ಜಾರಿಯಲ್ಲಿರುವ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಅಡಿಯ ನಿಷೇಧಾಜ್ಞೆಯಲ್ಲಿ ಕಾರಣಗಳನ್ನು ಬರೆದಿರಬೇಕು. ರಾಜ್ಯ ಸರ್ಕಾರ ವಿಸ್ತರಿಸದಿದ್ದರೆ ಅದು ಎರಡು ತಿಂಗಳು ಮೀರುವಂತಿಲ್ಲ. ನ್ಯಾಯಯುತ ಅಭಿಪ್ರಾಯವನ್ನು ಅದುಮಲು ಇಂಥ ಆದೇಶ ಬಳಸಬಾರದೆಂಬುದು ಕಾಶ್ಮೀರದ ಇಂಟರ್ನೆಟ್ ನಿರ್ಬಂಧ ಕುರಿತ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನ ನಿಲುವು. ಆದೇಶ ಅತಿಯಾಯಿತೆನಿಸಿದವರು ಅದನ್ನು ಹೊರಡಿಸಿದ ಮ್ಯಾಜಿಸ್ಟ್ರೇಟರಿಗೇ ರದ್ದತಿಗಾಗಿ ಅರ್ಜಿ ಕೊಡಬಹುದು, ಇಲ್ಲವೇ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.