ಬಾಕಿ ಉಳಿದ ಐಟಿ ರಿಟರ್ನ್: ಯಾವ ವರ್ಷಕ್ಕೆ ಯಾವ ದಾರಿ?

ಲೆಕ್ಕಪರಿಶೋಧನೆಯ ಅಗತ್ಯವಿಲ್ಲದ ತೆರಿಗೆದಾರರಿಗೆ 2025ರಲ್ಲಿ ಜುಲೈ 31ರ ಗಡುವನ್ನು ಸೆಪ್ಟೆಂಬರ್ 16ರವರೆಗೆ ವಿಸ್ತರಿಸಲಾಗಿತ್ತು. ಅದೂ ಮುಗಿದ ಮೇಲೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಲಾಗಿದೆ. ಉತ್ತರಗಳು 2025ರ ನವೆಂಬರ್‌ನಲ್ಲಿ ಜಾರಿಯಲ್ಲಿದ್ದ ನಿಯಮಗಳನ್ನು ಆಧರಿಸಿವೆ.

ಪ್ರಶ್ನೆ: ನನ್ನ ಹೆಸರಿನಲ್ಲಿ ಮೂರು ಟಿಪ್ಪರ್‌ಗಳಿದ್ದು, ತೋರಣಗಲ್ಲಿನ ಕಡೆಗೆ ಅದಿರು ಸಾಗಿಸುತ್ತವೆ. 2022-23ರಿಂದ ಮೂರು ಆರ್ಥಿಕ ವರ್ಷಗಳ ರಿಟರ್ನ್ ಸಲ್ಲಿಸಿಲ್ಲ. ನಾಲ್ಕನೆಯ ಗಾಡಿಗೆ ಸಾಲ ಕೇಳಿದರೆ ಬ್ಯಾಂಕಿನವರು ಮೂರು ವರ್ಷದ ರಿಟರ್ನ್ ತನ್ನಿ ಎನ್ನುತ್ತಿದ್ದಾರೆ. ಮೂರನ್ನೂ ಒಟ್ಟಿಗೆ ಹಾಕಿಬಿಡಬಹುದೇ? ಡೀಸೆಲ್, ಟೈರ್, ಕಂತು ಎಲ್ಲ ಕಳೆದರೆ ನನಗೆ ಉಳಿಯುವುದೇ ಕಡಿಮೆ.
— ಸಂಡೂರಿನ ಓದುಗರು

ಉತ್ತರ: ಒಂದೇ ದಿನ ಸಲ್ಲಿಸಬಹುದು, ಆದರೆ ಮೂರಕ್ಕೂ ನಿಯಮ ಒಂದೇ ಅಲ್ಲ. 2024-25ರ ರಿಟರ್ನನ್ನು ವಿಳಂಬಿತ ರಿಟರ್ನ್ ಎಂದು 2025ರ ಡಿಸೆಂಬರ್ 31ರೊಳಗೆ ಸಲ್ಲಿಸಲು ಇನ್ನೂ ಅವಕಾಶವಿದೆ. ಅದರ ಹಿಂದಿನ ಎರಡು ವರ್ಷಗಳಿಗೆ ಆ ಬಾಗಿಲು ಮುಚ್ಚಿದ್ದು, ಉಳಿದಿರುವುದು 'ಐಟಿಆರ್-ಯು' ಎಂಬ ನವೀಕೃತ ರಿಟರ್ನ್ ನಮೂನೆ ಮಾತ್ರ. ಮೊದಲು ಡಿಸೆಂಬರ್‌ನ ಕೆಲಸ ಮುಗಿಸಿಕೊಳ್ಳಿ, ಹಳೆಯ ವರ್ಷಗಳಿಗೆ ಈಗಿನ ಹೆಚ್ಚುವರಿ ದರದಲ್ಲಿ 2026ರ ಮಾರ್ಚ್ 31ರವರೆಗೆ ಸಮಯವಿದೆ.

ಆದಾಯದ ಲೆಕ್ಕ ನೀವು ಭಾವಿಸಿರುವಷ್ಟು ಕಷ್ಟದ್ದಲ್ಲ. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದವರಿಗೆ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮಿನಲ್ಲಿ ಅಂದಾಜು ಆದಾಯದ ವ್ಯವಸ್ಥೆಯಿದೆ. ಭಾರಿ ವಾಹನವಾದರೆ, ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದ ಪ್ರತಿ ಟನ್‌ಗೆ ತಿಂಗಳಿಗೆ ₹1,000 ಆದಾಯವೆಂದು ಹಿಡಿಯಲಾಗುತ್ತದೆ. ನಿಮ್ಮ ಟಿಪ್ಪರ್‌ನ ಆರ್‌ಸಿಯಲ್ಲಿ 28,000 ಕಿಲೋ ಎಂದಿದ್ದರೆ ಒಂದು ಗಾಡಿಗೆ ತಿಂಗಳಿಗೆ ₹28,000, ಮೂರು ಗಾಡಿಗೆ ವರ್ಷಕ್ಕೆ ₹10,08,000. ಗಾಡಿ ಓಡಿದರೂ ಶೆಡ್ಡಿನಲ್ಲಿ ನಿಂತರೂ ಲೆಕ್ಕ ಇದೇ, ಮತ್ತು ಡೀಸೆಲ್, ಸವಕಳಿ, ಸಾಲದ ಬಡ್ಡಿ ಯಾವುದನ್ನೂ ಇದರಿಂದ ಮತ್ತೆ ಕಳೆಯುವಂತಿಲ್ಲ. ಗಣಿ ನಿಂತ ತಿಂಗಳುಗಳಲ್ಲಿ ಇದು ಅನ್ಯಾಯವೆನಿಸುವುದು ಸಹಜ. ಆದರೆ ನಿಜವಾದ ಲಾಭ ಇದಕ್ಕಿಂತ ಕಡಿಮೆ ಎಂದು ತೋರಿಸಬೇಕಾದರೆ ಲೆಕ್ಕಪುಸ್ತಕವನ್ನೂ ಲೆಕ್ಕಪರಿಶೋಧನೆಯನ್ನೂ ಒದಗಿಸಬೇಕಾಗುತ್ತದೆ. ಪುಸ್ತಕವನ್ನೇ ಇಡದವರಿಗೆ ಮೂರು ವರ್ಷದ ಹಿಂದಿನದನ್ನು ಈಗ ಕಟ್ಟುವುದು ಆಗದ ಮಾತು.

ಬೇರೆ ಆದಾಯವಿಲ್ಲವೆಂದುಕೊಂಡರೆ, 2024-25ಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಈ ಮೊತ್ತದ ಮೇಲಿನ ತೆರಿಗೆ ಸೆಸ್ ಸೇರಿ ₹53,248. ಅದರ ಜೊತೆಗೆ ₹5,000 ವಿಳಂಬ ಶುಲ್ಕ (ಒಟ್ಟು ಆದಾಯ ₹5 ಲಕ್ಷ ಮೀರದವರಿಗೆ ₹1,000), ಮತ್ತು ಗಡುವು ಮೀರಿದ ಪ್ರತಿ ತಿಂಗಳಿಗೆ, ತಿಂಗಳ ಒಂದು ಭಾಗಕ್ಕೂ ಸೇರಿ, ಶೇ 1 ಬಡ್ಡಿ. ಮುಂಗಡ ತೆರಿಗೆ ಕಟ್ಟದಿದ್ದುದಕ್ಕೆ ಬೇರೆ ಬಡ್ಡಿಯಿದೆ. ಗಡುವಿನೊಳಗೆ ಸಲ್ಲಿಸಿದ್ದರೆ ಎಲ್‌ಐಸಿ ಕಂತು ಮುಂತಾದವನ್ನು ತೋರಿಸಿ ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಬಹುದಿತ್ತು. ತಡವಾಗಿ ಸಲ್ಲಿಸುವವರಿಗೆ ಆ ಆಯ್ಕೆ ಇಲ್ಲ. ಶುಲ್ಕದ ಐದು ಸಾವಿರಕ್ಕಿಂತ ಎಷ್ಟೋ ಮಂದಿಗೆ ಇದೇ ದೊಡ್ಡ ನಷ್ಟ.

ಇನ್ನು ಐಟಿಆರ್-ಯು. 2025ರ ಏಪ್ರಿಲ್‌ನಿಂದ ಇದರ ಅವಧಿಯನ್ನು ಎರಡು ವರ್ಷಗಳಿಂದ ನಾಲ್ಕು ವರ್ಷಗಳಿಗೆ ಹೆಚ್ಚಿಸಲಾಗಿದೆ, ಆದರೆ ತಡವಾದಷ್ಟೂ ದುಬಾರಿ. ಕರನಿರ್ಧಾರಣ ವರ್ಷ (ಆದಾಯ ಬಂದ ಆರ್ಥಿಕ ವರ್ಷದ ಮುಂದಿನ ವರ್ಷ) ಮುಗಿದ ಮೊದಲ ಹನ್ನೆರಡು ತಿಂಗಳಲ್ಲಿ, ತೆರಿಗೆ ಮತ್ತು ಬಡ್ಡಿ ಸೇರಿದ ಬಾಕಿಯ ಮೇಲೆ ಶೇ 25 ಹೆಚ್ಚುವರಿ. ಎರಡನೆಯ ವರ್ಷದಲ್ಲಿ ಶೇ 50, ಮೂರನೆಯದರಲ್ಲಿ ಶೇ 60, ನಾಲ್ಕನೆಯದರಲ್ಲಿ ಶೇ 70. ನಿಮ್ಮ 2023-24ರ ರಿಟರ್ನ್ ಈಗ ಶೇ 25ರ ಹಂತದಲ್ಲಿದೆ, 2022-23ರದು ಶೇ 50ರ ಹಂತದಲ್ಲಿ. 2022-23ಕ್ಕೆ ತೆರಿಗೆ, ಬಡ್ಡಿ ಸೇರಿ ಒಂದು ಲಕ್ಷ ಬಾಕಿಯಿದ್ದರೆ 2026ರ ಮಾರ್ಚ್ 31ರೊಳಗೆ ಹೆಚ್ಚುವರಿ ₹50,000. ಏಪ್ರಿಲ್ 1ಕ್ಕೆ ಅದೇ ₹60,000. 2023-24ರ ಬಾಕಿಯಂತೂ ಆ ದಿನ ಶೇ 25ರಿಂದ ನೇರ ಶೇ 50ಕ್ಕೆ ಜಿಗಿಯುತ್ತದೆ. ಹಣ ಹೊಂದಿಸುವುದು ಕಷ್ಟವಾದರೆ ಮೊದಲು 2023-24ರದನ್ನು ಮುಗಿಸುವುದೇ ಜಾಣತನವೆಂದು ನನ್ನ ಅಭಿಪ್ರಾಯ. ಆ ವರ್ಷದ ಕರನಿರ್ಧಾರಣೆಯ ನಡಾವಳಿ ಆರಂಭವಾಗಿಬಿಟ್ಟರೆ ಐಟಿಆರ್-ಯು ಸಲ್ಲಿಸಲಾಗುವುದಿಲ್ಲ. ಸಲ್ಲಿಸಿದ ಮೇಲೆ ತಿದ್ದಲೂ ಆಗುವುದಿಲ್ಲ. ಆದ್ದರಿಂದ ಮೊದಲೇ ಪೋರ್ಟಲ್‌ನಲ್ಲಿ 26ಎಎಸ್ (ನಿಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ವರ್ಷದ ವ್ಯವಹಾರಗಳ ವಿವರಪಟ್ಟಿ) ಎರಡನ್ನೂ ತೆರೆದು, ಸಾಗಣೆ ಕಂಪನಿಗಳು ತೋರಿಸಿದ ಬಾಡಿಗೆಯೂ ಹಿಡಿದ ಟಿಡಿಎಸ್ಸೂ (ಮೂಲದಲ್ಲೇ ಕಡಿತವಾದ ತೆರಿಗೆ) ನಿಮ್ಮ ಲೆಕ್ಕಕ್ಕೆ ತಾಳೆಯಾಗುತ್ತವೆಯೇ ನೋಡಿಕೊಳ್ಳಿ. ಹತ್ತಕ್ಕಿಂತ ಹೆಚ್ಚು ಗಾಡಿಗಳಿಲ್ಲವೆಂಬ ಘೋಷಣೆಯನ್ನು ಪ್ಯಾನ್ ಸಹಿತ ಬರೆದುಕೊಟ್ಟರೆ ಮುಂದೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವಂತಿಲ್ಲ.

ಪ್ರಶ್ನೆ: ನನಗೆ 67 ವರ್ಷ. 2021-22ರಲ್ಲಿ ಠೇವಣಿಯ ಬಡ್ಡಿಯಿಂದ ಬ್ಯಾಂಕು ₹11,000 ಟಿಡಿಎಸ್ ಹಿಡಿದಿತ್ತು. ನನ್ನ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಆಗ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದುದರಿಂದ ರಿಟರ್ನ್ ತಪ್ಪಿತು. ಐಟಿಆರ್-ಯು ಹಾಕಿದರೆ ಹಣ ಬರುತ್ತದೆ ಎಂದು ಒಬ್ಬರು ಹೇಳಿದರು.
— ರಾಯಚೂರಿನ ಓದುಗರು

ಉತ್ತರ: ಬರುವುದಿಲ್ಲ. ಐಟಿಆರ್-ಯು ಸರ್ಕಾರಕ್ಕೆ ಕೊಡಬೇಕಾದವರಿಗೆ, ಪಡೆಯಬೇಕಾದವರಿಗಲ್ಲ. ಮರುಪಾವತಿ ಕೇಳಲು ಅಥವಾ ನಷ್ಟ ತೋರಿಸಲು ಅದರಲ್ಲಿ ಅವಕಾಶವೇ ಇಲ್ಲ. ನೀವು ಕೇಳಬೇಕಾದುದು ವಿಳಂಬ ಮನ್ನಾ. ಕೇಂದ್ರೀಯ ನೇರ ತೆರಿಗೆ ಮಂಡಳಿಯು 2024ರ ಅಕ್ಟೋಬರ್ 1ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ಕರನಿರ್ಧಾರಣ ವರ್ಷ ಮುಗಿದ ಐದು ವರ್ಷಗಳೊಳಗೆ ಇದಕ್ಕೆ ಅರ್ಜಿ ಸಲ್ಲಿಸಬಹುದು. ₹1 ಕೋಟಿವರೆಗಿನ ಮೊತ್ತವನ್ನು ಪ್ರಧಾನ ಆಯುಕ್ತರು ಅಥವಾ ಆಯುಕ್ತರ ಹಂತದಲ್ಲಿಯೇ ತೀರ್ಮಾನಿಸಲಾಗುತ್ತದೆ. ನಿಮ್ಮ ವರ್ಷಕ್ಕೆ 2028ರ ಮಾರ್ಚ್ 31ರವರೆಗೆ ಸಮಯವಿದೆ. ಡಿಸ್‌ಚಾರ್ಜ್ ಸಮ್ಮರಿ, ಬಿಲ್ಲುಗಳು, ಬ್ಯಾಂಕಿನ ಟಿಡಿಎಸ್ ಪ್ರಮಾಣಪತ್ರ ಇವನ್ನು ಲಗತ್ತಿಸಿ. ಕಾರಣವನ್ನು 'ಅನಾರೋಗ್ಯ' ಎಂಬ ಒಂದು ಪದದಲ್ಲಿ ಮುಗಿಸದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಏಕೆ ಸಾಧ್ಯವಾಗಲಿಲ್ಲ ಎಂದು ಬರೆಯುವುದು ಒಳ್ಳೆಯದು. ಮನ್ನಾ ಆದೇಶ ಬಂದ ಮೇಲೆ ರಿಟರ್ನ್ ಸಲ್ಲಿಸಬೇಕು. ತಡವಾಗಿ ಬರುವ ಈ ಹಣಕ್ಕೆ ಬಡ್ಡಿ ಸಿಗುವುದಿಲ್ಲ. ಇನ್ನು ಮುಂದೆ ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ತೆರಿಗೆ ಬರುವುದಿಲ್ಲವೆಂಬ ಹಿರಿಯ ನಾಗರಿಕರ ಘೋಷಣೆ (2025ರಲ್ಲಿ 15ಎಚ್ ನಮೂನೆ) ಕೊಟ್ಟುಬಿಡಿ.

ಪ್ರಶ್ನೆ: ಭತ್ತ ಬೆಳೆಯುವ ರೈತ ನಾನು. ಎರಡು ವರ್ಷದಿಂದ ಕಟಾವು ಯಂತ್ರವನ್ನು ಬಾಡಿಗೆಗೂ ಬಿಡುತ್ತಿದ್ದೇನೆ. ಕೃಷಿಗೆ ತೆರಿಗೆಯಿಲ್ಲವಲ್ಲ, ರಿಟರ್ನ್ ಏಕೆ?
— ಗಂಗಾವತಿಯ ಓದುಗರು

ಉತ್ತರ: ನಿಮ್ಮ ಗದ್ದೆಯ ಭತ್ತದ ಹಣ ಕೃಷಿ ಆದಾಯ, ಬೇರೆಯವರ ಗದ್ದೆ ಕೊಯ್ದು ಪಡೆದ ಬಾಡಿಗೆ ಹಾಗಲ್ಲ, ಅದು ವ್ಯಾಪಾರದ ಆದಾಯ. ಒಟ್ಟು ಬಾಡಿಗೆ ₹2 ಕೋಟಿ ಮೀರದಿದ್ದರೆ 44ಎಡಿ ಕಲಮಿನಡಿ ನಗದಾಗಿ ಬಂದುದರ ಶೇ 8, ಬ್ಯಾಂಕ್ ಮೂಲಕ ಬಂದುದರ ಶೇ 6ನ್ನು ಲಾಭವೆಂದು ತೋರಿಸಬಹುದು. ಅದು ವಿನಾಯಿತಿ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ರಿಟರ್ನ್ ಕಡ್ಡಾಯವಲ್ಲ. ಮೀರಿದರೆ, ದರ ಲೆಕ್ಕ ಹಾಕುವಾಗ ಮಾತ್ರ ಕೃಷಿ ಆದಾಯವನ್ನೂ ಸೇರಿಸಿಕೊಳ್ಳುತ್ತಾರೆ. ಉಳಿತಾಯ ಖಾತೆಗಳಿಗೆ ವರ್ಷದಲ್ಲಿ ₹10 ಲಕ್ಷ ಅಥವಾ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಇಲಾಖೆಗೆ ವರದಿ ಮಾಡುತ್ತದೆ. ಆದ್ದರಿಂದ ದಲಾಲಿ ಅಂಗಡಿಯ ಪಟ್ಟಿ, ಎಪಿಎಂಸಿ ರಸೀದಿ, ಪಹಣಿಗಳನ್ನು ವರ್ಷವಾರು ಕಟ್ಟಿಡಿ. ನೋಟಿಸು ಬಂದಾಗ ಬಾಯಿಮಾತಿನ 'ಭತ್ತದ ದುಡ್ಡು' ನಡೆಯುವುದಿಲ್ಲ.

ಪ್ರಶ್ನೆ: ಸೆಪ್ಟೆಂಬರ್ 12ರಂದು ರಿಟರ್ನ್ ಸಲ್ಲಿಸಿದೆ. ಆಧಾರ್‌ಗೆ ಹಳೆಯ ಮೊಬೈಲ್ ಸಂಖ್ಯೆ ಇರುವುದರಿಂದ ಒಟಿಪಿ ಬಾರದೆ ಇ-ವೆರಿಫೈ ಆಗಿಲ್ಲ. ಗಡುವಿನೊಳಗೆ ಸಲ್ಲಿಸಿದಂತೆ ಆಯಿತಲ್ಲವೇ?
— ಕೊಪ್ಪಳದ ಓದುಗರು

ಉತ್ತರ: ಆಗಲಿಲ್ಲ. ದೃಢೀಕರಣಕ್ಕೆ 30 ದಿನಗಳ ಅವಧಿಯಿದ್ದು, ಅದು ಮೀರಿದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನವಾಗುತ್ತದೆ. ದೃಢೀಕರಿಸದೇ ಬಿಟ್ಟರೆ ರಿಟರ್ನೇ ಇಲ್ಲದಂತೆ. ಒಟಿಪಿಗಾಗಿ ಕಾಯಬೇಡಿ. ನೆಟ್ ಬ್ಯಾಂಕಿಂಗ್ ಇದ್ದರೆ ಅದರ ಮೂಲಕ ಇಂದೇ ಮುಗಿಸಬಹುದು. ಇಲ್ಲವಾದರೆ ಐಟಿಆರ್-ವಿ ಎಂಬ ದೃಢೀಕರಣ ಪತ್ರವನ್ನು ಮುದ್ರಿಸಿ, ಸಹಿ ಮಾಡಿ, ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ (ಪಿನ್ 560500) ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವಿಳಂಬ ಮನ್ನಾ ಕೋರಿಕೆಯನ್ನೂ ಪೋರ್ಟಲ್‌ನಲ್ಲಿಯೇ ಸಲ್ಲಿಸಬಹುದು. ಅದು ಸಿಗದಿದ್ದರೆ ವಿಳಂಬ ಶುಲ್ಕದ ಬೇಡಿಕೆ ಬರಬಹುದು, ಹಳೆಯ ಪದ್ಧತಿ ಆರಿಸಿದ್ದರೆ ಅದೂ ಹೋಗಬಹುದು. ಡಿಸೆಂಬರ್ 31 ದಾಟಿದರೆ ಮರುಪಾವತಿಯ ಹಕ್ಕನ್ನೂ ರಾಯಚೂರಿನ ಓದುಗರಂತೆ ಅರ್ಜಿ ಬರೆದು ಕೇಳಬೇಕಾಗುತ್ತದೆ.