ಮಾಯಾಚೌಕ: ಊಹೆ ಬಿಡಿ, ಮೊದಲು ನಡುವಿನ ಮನೆ ಹಿಡಿಯಿರಿ

ಪ್ರಶ್ನೆ: ಆರನೇ ತರಗತಿಯ ಮಗಳಿಗೆ 3×3 ಮಾಯಾಚೌಕ ಬಿಡಿಸೋಕೆ ಕೊಟ್ಟಿದ್ದಾರೆ, ಅಂದರೆ ಪ್ರತಿ ಅಡ್ಡಸಾಲು, ಮೇಲಿಂದ ಕೆಳಗಿನ ಪ್ರತಿ ಕಂಬಸಾಲು, ಮೂಲೆಯಿಂದ ಮೂಲೆಗೆ ಹೋಗೋ ಎರಡೂ ಕರ್ಣ ಕೂಡಿದರೆ ಒಂದೇ ಮೊತ್ತ ಬರಬೇಕು. ಮೇಲಿನ ಸಾಲಿನ ಮೊದಲ ಮನೆಯಲ್ಲಿ 8, ಅದರ ಪಕ್ಕ 18, 8ರ ಕೆಳಗೆ 10. ಉಳಿದ ಆರು ಮನೆ ಖಾಲಿ. ಮೊತ್ತ ಎಷ್ಟು ಅಂತಾನೂ ಹೇಳಿಲ್ಲ. ಬರೆಯೋದು, ಅಳಿಸೋದು, ಇಷ್ಟೇ ನಡೀತಿದೆ. ದಾರಿ ಏನಾದರೂ ಇದೆಯಾ? ಜೊತೆಗೆ, ಮೊತ್ತ 40 ಬರೋ ಚೌಕ ನಾನೇ ಮಾಡಿಕೊಡೋಣ ಅಂತ ಕೂತರೆ ಅದೂ ಆಗ್ತಿಲ್ಲ. ಯಾಕೆ?

ಉತ್ತರ: 40 ಬಿಟ್ಟುಬಿಡಿ, ಪೂರ್ಣಾಂಕಗಳಲ್ಲಿ ಅದು ಆಗೋದೇ ಇಲ್ಲ. 39 ಇಲ್ಲವೇ 42 ತಗೊಳ್ಳಿ. 3×3 ಚೌಕದ ಮೊತ್ತ ಯಾವಾಗಲೂ ನಡುವಿನ ಮನೆಯ ಮೂರರಷ್ಟು.

ಇದನ್ನು ಸುಮ್ನೆ ನಂಬಬೇಕಿಲ್ಲ, ಮಗಳ ಜೊತೆ ಕೂತು ನೋಡಿ. ಎರಡು ಕರ್ಣ ಮತ್ತು ನಡುವಿನ ಕಂಬಸಾಲು, ಈ ಮೂರನ್ನೂ ಕೂಡಿಸಿ. ಮೂರು ಮೊತ್ತ ಬಂತು. ಇದರಲ್ಲಿ ಯಾವ ಯಾವ ಮನೆ ಸೇರಿವೆ? ಮೇಲಿನ ಅಡ್ಡಸಾಲು ಪೂರ್ತಿ, ಕೆಳಗಿನ ಅಡ್ಡಸಾಲು ಪೂರ್ತಿ, ಮತ್ತೆ ನಡುವಿನ ಮನೆ ಮೂರು ಸಲ. ಆ ಎರಡು ಅಡ್ಡಸಾಲಿಗೆ ಎರಡು ಮೊತ್ತ ಹೋಯಿತು. ಉಳಿದ ಒಂದು ಮೊತ್ತ ಅಂದರೆ ನಡುವಿನ ಮನೆ ಮೂರು ಸಲ. ಅಷ್ಟೇ. 40ನ್ನು ಮೂರರಿಂದ ಭಾಗಿಸಿದರೆ ಶೇಷ ಉಳಿಯುತ್ತೆ, ಅದಕ್ಕೇ ನಿಮ್ಮ ಚೌಕ ಕೂರಲಿಲ್ಲ.

ಆದರೆ ಮಗಳ ಲೆಕ್ಕದಲ್ಲಿ ಮೊತ್ತವೂ ಇಲ್ಲ, ನಡುವಿನ ಮನೆಯೂ ಇಲ್ಲ, ಅಲ್ವಾ? ಅದಕ್ಕೆ ಇನ್ನೊಂದು ಗುಟ್ಟು ಬೇಕು. ಶಾಲೆಯಲ್ಲಿ ಇದನ್ನು ಹೇಳಿಕೊಡೋದು ಕಡಿಮೆ, ನನಗಂತೂ ಮೊದಲಿನದಕ್ಕಿಂತ ಇದೇ ಜಾಸ್ತಿ ಇಷ್ಟ. ಮೊದಲ ಅಡ್ಡಸಾಲು ಮತ್ತು ಮೊದಲ ಕಂಬಸಾಲು ಕೂಡಿಸಿದರೆ ಎರಡು ಮೊತ್ತ. ಎರಡು ಕರ್ಣ ಕೂಡಿಸಿದರೂ ಎರಡು ಮೊತ್ತ. ಎರಡೂ ಕಡೆ ಇರೋ ಮನೆಗಳನ್ನು ಹೊಡೆದುಹಾಕಿ. ಒಂದು ಕಡೆ 8, 18, 10 ಉಳಿಯುತ್ತೆ, ಇನ್ನೊಂದು ಕಡೆ ಎದುರು ಮೂಲೆ ಮತ್ತು ಎರಡು ಸಲ ನಡುವಿನ ಮನೆ. ಎರಡು ಸಲ ನಡುವಿನ ಮನೆ ಅಂದರೆ 8 ಮತ್ತು ಎದುರು ಮೂಲೆ ಕೂಡಿದಷ್ಟೇ, ಯಾಕಂದರೆ ಕರ್ಣದ ಮೊತ್ತ ನಡುವಿನ ಮನೆಯ ಮೂರರಷ್ಟು. ಹಾಗಾಗಿ 8 ಕೂಡ ಎರಡೂ ಕಡೆಯಿಂದ ಹೋಗುತ್ತೆ, 18 ಮತ್ತು 10 ಸೇರಿದರೆ ಎದುರು ಮೂಲೆಯ ಎರಡರಷ್ಟು ಅಂತ ಉಳಿಯುತ್ತೆ.

ಅಂದರೆ ಕೆಳಗಿನ ಬಲಮೂಲೆ 28ರ ಅರ್ಧ, 14. ಈಗ 8 ಮತ್ತು 14ರ ಸರಾಸರಿ 11, ಅದು ನಡುವಿನ ಮನೆ. ಮೊತ್ತ 33. ಇನ್ನು ಉಳಿದಿರೋದು ಬರೀ ಕಳೆಯೋ ಲೆಕ್ಕ:

8 18 7
10 11 12
15 4 14

ರಬ್ಬರ್ ಮುಟ್ಟೋ ಹಾಗೇ ಇಲ್ಲ.

1ರಿಂದ 9ರವರೆಗಿನ ಮಾಮೂಲಿ ಚೌಕ ಕೊಟ್ಟರೆ ಇನ್ನೂ ಸುಲಭ. ಒಂಬತ್ತೂ ಕೂಡಿದರೆ 45, ಮೂರು ಸಾಲು, ಹಾಗಾಗಿ ಮೊತ್ತ 15, ನಡುವೆ 5. 9ರ ಜೊತೆ 15 ಮಾಡೋಕೆ ಇರೋದು ಎರಡೇ ಜೋಡಿ: 1 ಮತ್ತು 5, 2 ಮತ್ತು 4. ಮೂಲೆಮನೆಗೆ ಮೂರು ಜೋಡಿ ಬೇಕು, ಅಡ್ಡ, ಉದ್ದ, ಕರ್ಣ. ಆದ್ದರಿಂದ 9 ಮೂಲೆಗೆ ಹೋಗಲ್ಲ, ಬದಿಯ ಮಧ್ಯದಲ್ಲಿ ಕೂರಬೇಕು. ಅದರ ಎದುರು 1, ಅಕ್ಕಪಕ್ಕ 2 ಮತ್ತು 4. ಮುಂದೆ ತಾನಾಗೇ ತುಂಬುತ್ತೆ. ತಿರುಗಿಸಿ, ಕನ್ನಡಿಯಲ್ಲಿ ನೋಡಿ ಎಂಟು ರೂಪ ಮಾಡಬಹುದು, ಆದರೆ ಅಸಲಿಗೆ ಚೌಕ ಒಂದೇ.

2×2 ಯಾಕಿಲ್ಲ ಅಂತ ಮಗಳು ಕೇಳೇ ಕೇಳ್ತಾಳೆ. ಮೊದಲ ಅಡ್ಡಸಾಲು ಮತ್ತು ಮೊದಲ ಕಂಬಸಾಲು ಎರಡರಲ್ಲೂ ಒಂದೇ ಮೂಲೆ ಇರುತ್ತೆ, ಹಾಗಾಗಿ ಉಳಿದೆರಡು ಮನೆ ಸಮ ಆಗಲೇಬೇಕು. ಕೊನೆಗೆ ನಾಲ್ಕೂ ಒಂದೇ ಸಂಖ್ಯೆ. ಮಜಾ ಇಲ್ಲ.

4×4ಕ್ಕೆ ಬಂದರೆ ಆಟವೇ ಬೇರೆ. 1ರಿಂದ 16 ಹಾಕಿ ಮಾಡೋ ಚೌಕಗಳು, ತಿರುಗಿಸಿದ್ದು ಮತ್ತು ಕನ್ನಡಿ ರೂಪ ಬಿಟ್ಟು, 880 ಇವೆ. ಒಂದನ್ನು ಈಗಲೇ ಮಾಡಿ. 1ರಿಂದ 16 ಕ್ರಮವಾಗಿ ಬರೆಯಿರಿ, ಎರಡು ಕರ್ಣಗಳಲ್ಲಿರೋ ಪ್ರತಿ ಸಂಖ್ಯೆಯನ್ನೂ 17ರಿಂದ ಕಳೆದು ಅಲ್ಲೇ ಹಾಕಿ:

16 2 3 13
5 11 10 8
9 7 6 12
4 14 15 1

ಎಲ್ಲ ಕಡೆ 34. ಇದರಲ್ಲೇ ನಡುವಿನ ಎರಡು ಕಂಬಸಾಲುಗಳನ್ನು ಅದಲು ಬದಲು ಮಾಡಿದರೆ ಜರ್ಮನಿಯ ಕಲಾವಿದ ಡ್ಯೂರರ್ ತನ್ನ ಚಿತ್ರವೊಂದರಲ್ಲಿ ಕೆತ್ತಿದ ಚೌಕ ಸಿಗುತ್ತೆ. ಕೆಳಗಿನ ಸಾಲಿನ ನಡುವೆ ಆಗ 15, 14 ಬರುತ್ತೆ, ಆ ಚಿತ್ರದ ವರ್ಷವೂ 1514.

ಒಂದು ಎಚ್ಚರಿಕೆ. ಖಾಲಿ ಮನೆ ತುಂಬೋ 4×4 ಬಂದಾಗ ನಡುವಿನ ಮನೆಯ ಉಪಾಯ ನಡೆಯಲ್ಲ, ಅಲ್ಲಿ ನಡುವೆ ಒಂದೇ ಮನೆ ಅಂತ ಇಲ್ಲವಲ್ಲ. ಬದಲಿಗೆ ನಾಲ್ಕು ಮೂಲೆ ಕೂಡಿಸಿ ನೋಡಿ, ನಡುವಿನ ನಾಲ್ಕು ಮನೆ ಕೂಡಿಸಿ ನೋಡಿ. ಯಾವುದೇ 4×4 ಮಾಯಾಚೌಕದಲ್ಲಿ ಈ ಎರಡೂ ಸಾಲಿನ ಮೊತ್ತಕ್ಕೇ ಸಮ. ಮೊತ್ತವೂ ಮೂರು ಮೂಲೆಯೂ ಗೊತ್ತಿದ್ದರೆ ನಾಲ್ಕನೆಯದು ಅಲ್ಲೇ ಸಿಕ್ಕಿತು.