ಪೆಟ್ರಿನೋ ಫಾಲ್ಕನ್ಸ್ ಬಿಟ್ಟು ಕಾಲೇಜಿಗೆ ಓಡಿದ್ದು ಹೇಡಿತನವಾ?

ನೀವು ಎನ್‌ಎಫ್‌ಎಲ್‌ನ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್) ಅಟ್ಲಾಂಟಾ ಫಾಲ್ಕನ್ಸ್ ಕಡೆ, ನಿಮ್ಮ ರೂಮ್‌ಮೇಟ್ ಆರ್ಕನ್ಸಾದವನು. ಸೀಸನ್ ಮುಗಿಯಲು ಮೂರು ಪಂದ್ಯ ಇರುವಾಗಲೇ ಫಾಲ್ಕನ್ಸ್ ಬಿಟ್ಟು ಆರ್ಕನ್ಸಾ ವಿಶ್ವವಿದ್ಯಾಲಯದ ತಂಡಕ್ಕೆ ಹೋದ ಕೋಚ್ ಬಾಬಿ ಪೆಟ್ರಿನೋನನ್ನು ಹೇಡಿ ಅಂದರೆ ಅವನು ಒಪ್ಪುತ್ತಿಲ್ಲ. 2007ರ ಡಿಸೆಂಬರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದೇ ಜಗಳ ನಡೆದಿತ್ತು. ನನ್ನ ರೂಮ್‌ಮೇಟ್ ಕೂಡ ಆರ್ಕನ್ಸಾದವನೇ. ನಾನು ಬೈದು ಸುಮ್ಮನಾಗಲಿಲ್ಲ, ಬಾಜಿ ಕಟ್ಟಿದೆ: ನಾಲ್ಕು ವರ್ಷದೊಳಗೆ ಆರ್ಕನ್ಸಾ ಒಂದೇ ಸೀಸನ್‌ನಲ್ಲಿ ಹತ್ತು ಪಂದ್ಯ ಗೆದ್ದರೆ ಸೀಸನ್ ಕೊನೆಗೆ ನಡೆಯುವ ಬೌಲ್ ಪಂದ್ಯಕ್ಕೆ ಅವನು ಹೋಗುವ ಖರ್ಚು ನನ್ನದು. 2011ರ ಜನವರಿ 4ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಶುಗರ್ ಬೌಲ್ ನೋಡುತ್ತ ಇಬ್ಬರೂ ಕೂತಿದ್ದೆವು. ಎರಡು ಟಿಕೆಟ್ಟೂ ನನ್ನ ದುಡ್ಡಿನದು. ಆರ್ಕನ್ಸಾ 31-26ರಲ್ಲಿ ಓಹಾಯೋ ಸ್ಟೇಟ್‌ಗೆ ಸೋತಿತು. ಆಟಗಾರರು ತಮ್ಮ ಸಾಮಾನು ಕೊಟ್ಟು ನಿಯಮ ಮೀರಿ ಟ್ಯಾಟೂ ಹಾಕಿಸಿಕೊಂಡ ಹಗರಣದಿಂದಾಗಿ ಆಮೇಲೆ ಓಹಾಯೋ ಸ್ಟೇಟ್ ಆ ಗೆಲುವನ್ನೇ ದಾಖಲೆಯಿಂದ ಅಳಿಸಬೇಕಾಯಿತು. ನನ್ನ ದುಡ್ಡನ್ನು ಮಾತ್ರ ಯಾರೂ ವಾಪಸ್ ಕೊಡಲಿಲ್ಲ.

ನಾನು ಎಡವಿದ್ದು ಒಂದೇ ಕಡೆ. ನೀವೂ ಅಲ್ಲೇ ಎಡವುತ್ತಿದ್ದೀರಿ ಅನ್ನಿಸಿತು, ಅದಕ್ಕೇ ಅದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಫಾಲ್ಕನ್ಸ್‌ನಲ್ಲಿ ಪೆಟ್ರಿನೋನ 3 ಗೆಲುವು, 10 ಸೋಲು ಎಂಬ ಲೆಕ್ಕವನ್ನು ನಾನು ಕೋಚ್‌ನ ಯೋಗ್ಯತೆ ಎಂದು ಓದಿದೆ. ಆ ಹದಿಮೂರು ಪಂದ್ಯಗಳಲ್ಲಿ ಚೆಂಡು ಎಸೆದವರು ಯಾರು ಎಂದು ನೋಡಲೇ ಇಲ್ಲ.

ಆ ವರ್ಷದ ಕತೆ ಹೀಗಿದೆ. ಪೆಟ್ರಿನೋ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದಲ್ಲಿ 41 ಗೆದ್ದು 9 ಸೋತಿದ್ದ. 2007ರ ಜನವರಿಯಲ್ಲಿ ಆರೆಂಜ್ ಬೌಲ್ ಗೆದ್ದವನು ಕೆಲವೇ ದಿನದಲ್ಲಿ ಫಾಲ್ಕನ್ಸ್ ಜೊತೆ ಐದು ವರ್ಷ, 2.4 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ. (ಅದಕ್ಕೂ ಆರು ತಿಂಗಳ ಹಿಂದಷ್ಟೇ ಲೂಯಿವಿಲ್ ಜೊತೆ ಹತ್ತು ವರ್ಷದ ಕರಾರು ಮಾಡಿಕೊಂಡಿದ್ದ. ಈ ಮನುಷ್ಯನ ಸಹಿಗೆ ಎಷ್ಟು ಬೆಲೆ ಎಂದು ಅಟ್ಲಾಂಟಾದವರಿಗೆ ಆಗಲೇ ಗೊತ್ತಾಗಬೇಕಿತ್ತು.) ಮಾರ್ಚ್‌ನಲ್ಲಿ ಫಾಲ್ಕನ್ಸ್ ಎರಡನೇ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಮ್ಯಾಟ್ ಶಾಬ್‌ನನ್ನು ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತು, ಹೇಗೂ ಮೊದಲನೆಯವನಾದ ಮೈಕಲ್ ವಿಕ್ ಇದ್ದಾನೆ ಎಂದು. ಜುಲೈನಲ್ಲಿ ನಾಯಿ ಕಾಳಗದ ಪ್ರಕರಣದಲ್ಲಿ ವಿಕ್ ಮೇಲೆ ಆರೋಪಪಟ್ಟಿ ಬಂತು, ಆಗಸ್ಟ್‌ನಲ್ಲಿ ತಪ್ಪೊಪ್ಪಿಕೊಂಡ. ಪೆಟ್ರಿನೋನ ಆಟವೆಲ್ಲ ನಿಂತಲ್ಲಿಂದ ಸರಿಯಾದ ಕ್ಷಣಕ್ಕೆ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನಿಂತದ್ದು. ಆ ಜಾಗಕ್ಕೆ ಸಿಕ್ಕವರು ಜೋಯಿ ಹ್ಯಾರಿಂಗ್ಟನ್, ಬೈರನ್ ಲೆಫ್ಟ್‌ವಿಚ್, ಕ್ರಿಸ್ ರೆಡ್‌ಮನ್, ಒಬ್ಬರಾದ ಮೇಲೆ ಒಬ್ಬರು. ಡಿಸೆಂಬರ್ 10ರಂದು ವಿಕ್‌ಗೆ 23 ತಿಂಗಳ ಶಿಕ್ಷೆಯಾಯಿತು. ಅದೇ ರಾತ್ರಿ ಸೇಂಟ್ಸ್ ಕೈಯಲ್ಲಿ ಫಾಲ್ಕನ್ಸ್ 34-14ರಲ್ಲಿ ಸೋತಿತು. ಮರುದಿನ ಪೆಟ್ರಿನೋ ರಾಜೀನಾಮೆ ಕೊಟ್ಟ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಗ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆದರೆ ನೆಲ ನಿಜಕ್ಕೂ ಬೇರೆಯೇ. ಮೈದಾನದ ಅಗಲ ಕಾಲೇಜಿನಲ್ಲೂ ಎನ್‌ಎಫ್‌ಎಲ್‌ನಲ್ಲೂ 160 ಅಡಿ. ಪ್ರತಿ ಸಲ ಆಟ ಮತ್ತೆ ಶುರುಮಾಡುವಾಗ ಚೆಂಡು ಮೈದಾನದ ಉದ್ದಕ್ಕೆ ಸಾಗುವ ಎರಡು ಹ್ಯಾಶ್ ಗೆರೆಗಳ ಮೇಲೆ ಅಥವಾ ಅವುಗಳ ನಡುವೆ ಇರಬೇಕು. ಕಾಲೇಜಿನಲ್ಲಿ ಆ ಗೆರೆಗಳ ನಡುವಿನ ಅಂತರ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಎಡಗೆರೆಯ ಮೇಲಿದ್ದರೆ ಎಡಕ್ಕೆ 60 ಅಡಿ, ಬಲಕ್ಕೆ ಪೂರಾ 100 ಅಡಿ ಬಯಲು. ಎನ್‌ಎಫ್‌ಎಲ್‌ನಲ್ಲಿ ಅಗಲದ ಕಡೆ 90 ಅಡಿಯೂ ಸಿಗುವುದಿಲ್ಲ. ಕಾಲೇಜಿನಲ್ಲಿ ಆ ಬಯಲು ಕಾಯಬೇಕಾದವನು ಎದುರಾಳಿ ತಂಡದ ಹತ್ತೊಂಬತ್ತು ವರ್ಷದ ಹುಡುಗ, ಅವನಿಗೆ ವಾರಕ್ಕೆ ಅಭ್ಯಾಸ ಇಪ್ಪತ್ತೇ ಗಂಟೆ. ಕಾಲೇಜಿನಲ್ಲಿ ಪಾಸ್ ಹಿಡಿಯುವ ರಿಸೀವರ್ ಒಂದು ಕಾಲನ್ನು ಮೈದಾನದ ಅಂಚಿನ ಗೆರೆಯೊಳಗೆ ಊರಿದರೆ ಕ್ಯಾಚ್, ಎನ್‌ಎಫ್‌ಎಲ್‌ನಲ್ಲಿ ಎರಡೂ ಕಾಲು ಬೇಕು. ಪಾಸ್ ಆಟ ಹೆಣೆಯುವವನಿಗೆ ಇದೆಲ್ಲ ಸಣ್ಣ ರಿಯಾಯಿತಿಯಲ್ಲ.

ಇದಕ್ಕಿಂತ ದೊಡ್ಡ ವ್ಯತ್ಯಾಸ ಆಟಗಾರರು ಬರುವ ದಾರಿಯಲ್ಲಿದೆ. ಎನ್‌ಎಫ್‌ಎಲ್‌ನಲ್ಲಿ 53 ಜನರ ತಂಡ, ಸಂಬಳಕ್ಕೆ ಮಿತಿ (2007ರಲ್ಲಿ 10.9 ಕೋಟಿ ಡಾಲರ್), ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಏಳು ಸುತ್ತು. ಹಿಂದಿನ ವರ್ಷ ಚೆನ್ನಾಗಿ ಆಡಿದ್ದರೆ ಸರದಿ ಹಿಂದಕ್ಕೆ ಹೋಗುತ್ತದೆ. ಎಲ್ಲರೂ ಸಮ ಇರಲಿ ಎಂದೇ ಕಟ್ಟಿದ ವ್ಯವಸ್ಥೆ ಅದು. ಕಾಲೇಜಿನಲ್ಲಿ ಆಗ 85 ವಿದ್ಯಾರ್ಥಿವೇತನ, ವರ್ಷಕ್ಕೆ 25 ಹೊಸ ಹುಡುಗರು. ಸರದಿ ಗಿರದಿ ಏನೂ ಇಲ್ಲ, ಯಾರು ಹುಡುಗನ ಮನೆಗೆ ಹೋಗಿ ಅಮ್ಮನನ್ನು ಒಪ್ಪಿಸುತ್ತಾರೋ ಅವರಿಗೆ ಹುಡುಗ. ಈ ವರ್ಷ ಗೆದ್ದರೆ ಮುಂದಿನ ವರ್ಷ ಇನ್ನೂ ಒಳ್ಳೆಯವರು ತಾವಾಗಿ ಬರುತ್ತಾರೆ.

ಆಯ್ಕೆಯ ಅಧಿಕಾರ ಕೋಚ್ ಕೈಯಲ್ಲಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಿಮ್ಮ ರೂಮ್‌ಮೇಟ್ ವಾದಿಸಬಹುದು. ಅಲ್ಲಿ ಅವನನ್ನು ತಡೆಯಿರಿ. ಪೆಟ್ರಿನೋಗಿಂತ ಮೊದಲು ಹೀಗೇ ಎನ್‌ಎಫ್‌ಎಲ್ ಬಿಟ್ಟು ಕಾಲೇಜಿಗೆ ಹೋದ ಕೋಚ್ ನಿಕ್ ಸೇಬನ್‌ಗೆ ಮಯಾಮಿ ಡಾಲ್ಫಿನ್ಸ್‌ನಲ್ಲಿ ಆ ಅಧಿಕಾರ ಇತ್ತು. 2006ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಸಿಗುವ ಹಾಗಿದ್ದ, ಆದರೆ ಅವನ ಭುಜದ ಶಸ್ತ್ರಚಿಕಿತ್ಸೆ ನೋಡಿ ತಂಡದ ವೈದ್ಯರು ಹಿಂದೇಟು ಹಾಕಿದರು. ಮಯಾಮಿ ಡ್ರಾಫ್ಟ್‌ನ ಎರಡನೇ ಸುತ್ತಿನ ಆಯ್ಕೆ ಕೊಟ್ಟು ಅವನ ಬದಲು ಡಾಂಟೆ ಕಲ್ಪೆಪರ್‌ನನ್ನು ತಂದಿತು. ಅವನು ಆ ಸೀಸನ್‌ನಲ್ಲಿ ಆಡಿದ್ದು ನಾಲ್ಕೇ ಪಂದ್ಯ. ಬ್ರೀಸ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಸೂಪರ್ ಬೌಲ್ ಗೆದ್ದ. ಒಂದು ಜಾಗ, ಒಂದು ತಪ್ಪು, ಎರಡು ವರ್ಷದಲ್ಲಿ 15-17 (15 ಗೆಲುವು, 17 ಸೋಲು). ಕಾಲೇಜಿನಲ್ಲೂ ಇಂಥ ತಪ್ಪಾಗುತ್ತದೆ, ಆದರೆ ಮುಂದಿನ ವರ್ಷ ಇನ್ನೊಬ್ಬ ಹುಡುಗ ಸಹಿ ಹಾಕುತ್ತಾನೆ. ಅಧಿಕಾರ ಇದ್ದರೆ ಸಾಲದು, ತಪ್ಪಿದಾಗ ತಿದ್ದಿಕೊಳ್ಳಲು ಎಷ್ಟು ಕಾಲ ಹಿಡಿಯುತ್ತದೆ ಎಂದು ನೋಡಬೇಕು.

ಸೇಬನ್ ಡಿಸೆಂಬರ್ 21ರಂದು ತಾನು ಅಲಬಾಮಾ ಕೋಚ್ ಆಗುವುದಿಲ್ಲ ಎಂದು ಪತ್ರಕರ್ತರ ಮುಂದೆ ಖಡಾಖಂಡಿತವಾಗಿ ಹೇಳಿ, 2007ರ ಜನವರಿ 3ರಂದು ಎಂಟು ವರ್ಷ, 3.2 ಕೋಟಿ ಡಾಲರ್‌ಗೆ ಅಲಬಾಮಾಕ್ಕೆ ಹೋದ. ಮೊದಲ ಸೀಸನ್ 7-6. ಅದರಲ್ಲಿ ಲೂಯಿಸಿಯಾನಾ-ಮನ್ರೋ ಎಂಬ ಸಣ್ಣ ತಂಡದ ಎದುರು ತವರಿನಲ್ಲೇ ಸೋಲು. ಅದನ್ನು ನೋಡಿ ‘ನಾನು ಹೇಳಿರಲಿಲ್ಲವಾ’ ಎಂದು ಬೀಗಿದ್ದೆ, ಅದೇ ಧೈರ್ಯದಲ್ಲಿ ಪೆಟ್ರಿನೋ ಮೇಲೆ ಬಾಜಿ ಕಟ್ಟಿದ್ದು. ಮೊದಲ ವರ್ಷದ ತಂಡ ಹಿಂದಿನ ಕೋಚ್ ಕರೆತಂದ ಹುಡುಗರದು ಎಂಬುದು ತಲೆಗೆ ಹೊಳೆಯಲೇ ಇಲ್ಲ. ಸೇಬನ್ ಅಲಬಾಮಾದಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ ಗೆದ್ದು 2024ರ ಜನವರಿಯಲ್ಲಿ ನಿವೃತ್ತನಾದ. ಆರ್ಕನ್ಸಾದಲ್ಲಿ ಪೆಟ್ರಿನೋನ ಮೊದಲ ಸೀಸನ್ ಕೂಡ 5-7. ಮಿಶಿಗನ್ ಬಿಟ್ಟು ಬಂದ ಕ್ವಾರ್ಟರ್‌ಬ್ಯಾಕ್ ರಯನ್ ಮ್ಯಾಲೆಟ್ ನಿಯಮದಂತೆ ಆ ಒಂದು ವರ್ಷ ಬೆಂಚಿನಲ್ಲಿ ಕೂತಿದ್ದ. ಅವನು ಆಡತೊಡಗಿದ ಮೇಲೆ 8-5, ಆಮೇಲೆ 10-3. ಅವನು ಹೋದ ಮರುವರ್ಷ 11-2.

ಇನ್ನು ‘ಮೂರೇ ಪಂದ್ಯ ಉಳಿದಿತ್ತಲ್ಲ, ಮುಗಿಸಿ ಹೋಗಬಾರದಿತ್ತಾ’ ಎಂಬ ನಿಮ್ಮ ಪ್ರಶ್ನೆ. ಯಾವ ಕಾಲೇಜಿಗೆ ಆಡುತ್ತೇವೆ ಎಂದು ಹೈಸ್ಕೂಲ್ ಹುಡುಗರು ಸಹಿ ಹಾಕುವ ದಿನ ಆಗ ಫೆಬ್ರವರಿಯ ಮೊದಲ ಬುಧವಾರ, ಅಂದರೆ 2008ರ ಫೆಬ್ರವರಿ 6. ಎರಡು ವರ್ಷದ ಕಾಲೇಜುಗಳಿಂದ ಬರುವವರ ಸಹಿ ಡಿಸೆಂಬರ್ ಮಧ್ಯದಲ್ಲೇ ಶುರು. ಹಿಂದಿನ ಕೋಚ್ ಹ್ಯೂಸ್ಟನ್ ನಟ್ ನವೆಂಬರ್‌ನಲ್ಲೇ ಆರ್ಕನ್ಸಾ ಬಿಟ್ಟಿದ್ದ, ಹುಡುಗರು ಚದುರತೊಡಗುವ ಹೊತ್ತು. ಫಾಲ್ಕನ್ಸ್ ಕೊನೆಯ ಪಂದ್ಯ ಡಿಸೆಂಬರ್ 30ಕ್ಕೆ. ಅಷ್ಟು ದಿನ ಕೋಚ್ ಇಲ್ಲದೆ ಕಾಯಲು ಯಾವ ವಿಶ್ವವಿದ್ಯಾಲಯವೂ ಒಪ್ಪುವುದಿಲ್ಲ, ಇನ್ನೊಬ್ಬನನ್ನು ಹಿಡಿಯುತ್ತದೆ. 1976ರಲ್ಲಿ ಲೂ ಹೋಲ್ಟ್ಸ್ ಕೂಡ ನ್ಯೂಯಾರ್ಕ್ ಜೆಟ್ಸ್ ತಂಡವನ್ನು ಒಂದು ಪಂದ್ಯ ಬಾಕಿ ಇರುವಾಗಲೇ ಬಿಟ್ಟ. ಅವನ ಲೆಕ್ಕವೂ 3-10, ಅವನು ಹೋದದ್ದೂ ಆರ್ಕನ್ಸಾಕ್ಕೇ! 2017ರಿಂದ ಡಿಸೆಂಬರ್‌ನಲ್ಲೇ ಹೈಸ್ಕೂಲ್ ಹುಡುಗರ ಸಹಿ ಶುರುವಾಗಿರುವುದರಿಂದ ಈಗ ಆತುರ ಇನ್ನೂ ಹೆಚ್ಚು.

ಹಾಗೆಂದು ಪೆಟ್ರಿನೋನನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಹೋದದ್ದರಲ್ಲಿ ನನಗೆ ತಕರಾರಿಲ್ಲ, ಹೋದ ರೀತಿಯಲ್ಲಿದೆ. ತಾನು ಉಳಿಯುತ್ತೇನೆ ಎಂದು ಹಿಂದಿನ ದಿನವಷ್ಟೇ ಕೈಕುಲುಕಿ ಹೇಳಿದ್ದ ಎಂದು ಮಾಲೀಕ ಆರ್ಥರ್ ಬ್ಲಾಂಕ್ ಬಹಿರಂಗವಾಗಿ ಹೇಳಿದರು. ಆಟಗಾರರಿಗೆ ಸಿಕ್ಕದ್ದು ಲಾಕರ್ ಬಳಿ ಇಟ್ಟ ನಾಲ್ಕು ವಾಕ್ಯದ ಚೀಟಿ. ರಾಜೀನಾಮೆ ಕೊಟ್ಟ ರಾತ್ರಿಯೇ ಆರ್ಕನ್ಸಾ ವಿಶ್ವವಿದ್ಯಾಲಯದ ಊರಾದ ಫಾಯೆಟ್‌ವಿಲ್‌ನಲ್ಲಿ ಅವನು ಅಲ್ಲಿನ ಅಭಿಮಾನಿಗಳು ತಂಡವನ್ನು ಹುರಿದುಂಬಿಸುವ ‘ಹಂದಿ ಕರೆಯುವ’ ಕೂಗು ಹಾಕುತ್ತಿದ್ದುದನ್ನು ಅವರೆಲ್ಲ ಟೀವಿಯಲ್ಲಿ ನೋಡಿದರು. ಇನ್ನೊಂದು ಅನ್ಯಾಯ ನಮ್ಮ ಜಗಳದಲ್ಲಿ ಬರಲೇ ಇಲ್ಲ: ಕೋಚ್ ರಾತ್ರೋರಾತ್ರಿ ತಂಡ ಬದಲಿಸಬಹುದಿತ್ತು, ಮ್ಯಾಲೆಟ್‌ನಂಥ ಹುಡುಗ ಬದಲಿಸಿದರೆ ಒಂದು ವರ್ಷ ಆಟವಿಲ್ಲ. ಆ ನಿಯಮ ಸಡಿಲವಾದದ್ದು 2021ರಲ್ಲಿ.

ಫಾಲ್ಕನ್ಸ್ ಹಾಳಾಯಿತು ಅನ್ನುವ ಮಾತನ್ನೂ ಬಿಡಿ. ಮರುವರ್ಷ ಮೈಕ್ ಸ್ಮಿತ್ ಕೋಚ್, ಡ್ರಾಫ್ಟ್‌ನ ಮೂರನೇ ಆಯ್ಕೆಯಾಗಿ ಬಂದ ಮ್ಯಾಟ್ ರಯನ್ ಕ್ವಾರ್ಟರ್‌ಬ್ಯಾಕ್, ಲೆಕ್ಕ 11-5. ಆರ್ಕನ್ಸಾ ಮಾತ್ರ 2012ರ ಏಪ್ರಿಲ್‌ನಲ್ಲಿ ಪೆಟ್ರಿನೋನನ್ನು ತೆಗೆದುಹಾಕಿತು. ಬೈಕ್ ಅಪಘಾತದ ವೇಳೆ ಹಿಂದೆ ಯಾರು ಕೂತಿದ್ದರು ಎಂಬುದನ್ನು ಅವನು ಮೇಲಿನವರಿಂದ ಮುಚ್ಚಿಟ್ಟಿದ್ದ. ಇದನ್ನು ಕೇಳಿದರೆ ನಿಮ್ಮ ರೂಮ್‌ಮೇಟ್ ತಾನಾಗಿ ಸುಮ್ಮನಾಗುತ್ತಾನೆ, ಹೇಡಿ ಎಂಬ ಪದ ಬೇಕಾಗುವುದಿಲ್ಲ.

ಮುಂದೆ ಇನ್ಯಾವನಾದರೂ ಕೋಚ್ ಹೀಗೆ ಕಾಲೇಜಿಗೆ ಹಾರಿದರೆ ಎನ್‌ಎಫ್‌ಎಲ್ ಲೆಕ್ಕ ಹಿಡಿದು ಬಾಜಿಗೆ ಇಳಿಯಬೇಡಿ. ಅಲ್ಲಿ ಅವನ ಕ್ವಾರ್ಟರ್‌ಬ್ಯಾಕ್ ಯಾರಿದ್ದ, ಎನ್‌ಎಫ್‌ಎಲ್‌ಗೆ ಬರುವ ಮುಂಚೆ ಕಾಲೇಜಿನಲ್ಲಿ ಅವನ ಲೆಕ್ಕ ಎಷ್ಟಿತ್ತು, ಹೊಸ ಕಾಲೇಜಿನ ಸುತ್ತ ನಾಲ್ಕೈದು ಗಂಟೆಯ ದಾರಿಯಲ್ಲಿ ಒಳ್ಳೆಯ ಹೈಸ್ಕೂಲ್ ತಂಡಗಳಿವೆಯಾ, ಇಷ್ಟು ನೋಡಿ. ಮೊದಲ ಸೀಸನ್ ಲೆಕ್ಕಕ್ಕೇ ಇಡಬೇಡಿ. ಅಷ್ಟಾದ ಮೇಲೂ ಬಾಜಿ ಕಟ್ಟಲೇಬೇಕು ಅನ್ನಿಸಿದರೆ ಬಿರಿಯಾನಿಗೆ ಕಟ್ಟಿ, ಶುಗರ್ ಬೌಲ್‌ಗಲ್ಲ.